ಹಳಗನ್ನಡ ಓದಲು ಜೊತೆಗಾರರು ಬೇಕು

ಪ್ರತಿ ಭಾನುವಾರ ರಾತ್ರಿ ಊಟ ಮುಗಿದ ಮೇಲೆ ನಾವು ಕೆಲವರು ಗೂಗಲ್ ಮೀಟ್‌ನಲ್ಲಿ ಹಳಗನ್ನಡ ಓದುತ್ತೇವೆ. ನಾನು ಗುಬ್ಬಿಯವನು. ಕುಣಿಗಲ್‌ನ ಶಾಲಾ ಶಿಕ್ಷಕಿಯೊಬ್ಬರು, ತುಮಕೂರಿನಲ್ಲಿರುವ ನಿವೃತ್ತ ಬ್ಯಾಂಕ್ ನೌಕರರೊಬ್ಬರು, ಕಾಲೇಜು ಹುಡುಗರು ಜೊತೆಗಿದ್ದಾರೆ. ಪಾಠ ಹೇಳುವ ಪಂಡಿತರು ಯಾರೂ ಇಲ್ಲ. ಹೊಸದಾಗಿ ತೊಡಗುವವರಿಗೆ ನೆರವಾಗಲೆಂದು ನಾವು ಕಂಡುಕೊಂಡದ್ದನ್ನು ಇಲ್ಲಿ ಬರೆದಿದ್ದೇನೆ.

ಮೊದಲು ಗದ್ಯ ಹಿಡಿಯಿರಿ. ಹಳಗನ್ನಡ ಎಂದ ಕೂಡಲೇ ಎಲ್ಲರೂ ಪಂಪನನ್ನು ನೆನೆಯುತ್ತಾರೆ. ಆದರೆ ಪದ್ಯದಲ್ಲಿ ಛಂದಸ್ಸಿಗೆ ತಕ್ಕಂತೆ ಪದಗಳು ಹಿಂದುಮುಂದಾಗಿರುತ್ತವೆ, ಸಂಸ್ಕೃತ ಸಮಾಸಗಳೂ ಹೆಚ್ಚು. ವಡ್ಡಾರಾಧನೆಯ 19 ಕಥೆಗಳು ಗದ್ಯದಲ್ಲಿವೆ. ನಾವು ಸುಕುಮಾರಸ್ವಾಮಿಯ ಕಥೆಯಿಂದ ಶುರುಮಾಡಿದೆವು. ಆರಂಭದ ಪ್ರಾಕೃತ ಗಾಹೆಯನ್ನು (ಪದ್ಯವನ್ನು) ಸದ್ಯಕ್ಕೆ ಬಿಟ್ಟು ಮುಂದೆ ಹೋದರೆ ಕಥೆಯ ಕುತೂಹಲವೇ ಓದಿಸಿಕೊಂಡು ಹೋಗುತ್ತದೆ.

ಅರ್ಥ ಹೇಳುವ ಮುಂಚೆ ಪದ ಬಿಡಿಸಬೇಕು. 'ಮರನನೇಱಿದಂ' ಎಂದು ಇದೆ ಎನ್ನಿ. 'ಮರನಂ' ಎಂದರೆ ಮರವನ್ನು, 'ಏಱಿದಂ' ಎಂದರೆ ಏರಿದನು. ಮುಂದೆ ಸ್ವರ ಬಂದದ್ದರಿಂದ 'ಮರನಂ' ಕೊನೆಯ ಸೊನ್ನೆ ನಕಾರವಾಗಿ ಮುಂದಿನ ಪದಕ್ಕೆ ಕೂಡಿಕೊಂಡಿದೆ. ಅಲ್ಲಿನ ಸೊನ್ನೆ ದ್ವಿತೀಯಾ ವಿಭಕ್ತಿಯದು. 'ಏಱಿದಂ' ಕೊನೆಯ ಸೊನ್ನೆ, ಏರಿದವನು ಒಬ್ಬ ಗಂಡಸು ಎಂದು ತಿಳಿಸುತ್ತದೆ. ಒಬ್ಬರೇ ಓದುವಾಗ ಇಂಥ ಕಡೆ ಅಂದಾಜಿನ ಮೇಲೆ ದಾಟಿಬಿಡುತ್ತೇವೆ. ಗುಂಪಿನಲ್ಲಿ ಹಾಗಾಗದು. ಸರದಿ ಬಂದವರು ಗಟ್ಟಿಯಾಗಿ ಓದಿ ಪದ ಬಿಡಿಸಬೇಕು, 'ಇದು ಯಾವ ವಿಭಕ್ತಿ ಮೇಡಂ?' ಎಂದು ಹುಡುಗರು ಕೇಳಿದರೆ ಉತ್ತರ ಕೊಡಬೇಕು. ಸಹ ಓದುಗರ ಈ ಪ್ರಶ್ನೆಯೇ ನಮಗೆ ಗುರು.

ವ್ಯಾಕರಣವನ್ನು ಮೊದಲೇ ಬಾಯಿಪಾಠ ಮಾಡುವ ಅಗತ್ಯವಿಲ್ಲ. ತೊಡಕು ಬಂದಾಗ ತೀ.ನಂ.ಶ್ರೀಕಂಠಯ್ಯನವರ 'ಕನ್ನಡ ಮಧ್ಯಮ ವ್ಯಾಕರಣ' ತೆರೆಯುತ್ತೇವೆ. ಕೇಶಿರಾಜನ ಶಬ್ದಮಣಿದರ್ಪಣದ ಸೂತ್ರಗಳು ಕಂದಪದ್ಯದಲ್ಲೇ ಇರುವುದರಿಂದ ಅದನ್ನು ಎರಡನೆಯ ಹಂತಕ್ಕೆ ಇಟ್ಟುಕೊಳ್ಳುವುದು ಮೇಲು.

ನಮ್ಮೂರಿನ ಶಾಸನಗಳನ್ನೂ ಓದಬೇಕು. ಬಿ.ಎಲ್.ರೈಸ್ 1904ರಲ್ಲಿ ಹೊರತಂದ ಎಪಿಗ್ರಾಫಿಯಾ ಕರ್ನಾಟಿಕದ 12ನೇ ಸಂಪುಟ ಪೂರ್ತಿ ತುಮಕೂರು ಜಿಲ್ಲೆಯದು. ಗುಬ್ಬಿ, ಕುಣಿಗಲ್ ಎಂದು ತಾಲ್ಲೂಕುವಾರು ಶಾಸನಗಳ ಪಾಠ ಸಿಗುತ್ತದೆ. ದಾನಶಾಸನಗಳಲ್ಲಿ ಸಾಮಾನ್ಯವಾಗಿ ರಾಜನ ಬಿರುದು, ಕಾಲ, ಕೊಟ್ಟ ಭೂಮಿ, ಕೊನೆಗೆ ದಾನ ಅಳಿದವನಿಗೆ ಶಾಪ, ಇದೇ ಕ್ರಮ ಮತ್ತೆ ಮತ್ತೆ ಬರುವುದರಿಂದ ಕಲಿಯುವವರಿಗೆ ಬೇಗ ಹಿಡಿತ ಸಿಗುತ್ತದೆ. ಪರಿಚಿತ ಊರಿನ ಹೆಸರು ಕಲ್ಲಿನ ಬರಹದಲ್ಲಿ ಎದುರಾದಾಗ ಆಗುವ ಸಂತೋಷ ಬೇರೆಯೇ.

ನಮ್ಮ ಜಿಲ್ಲೆಯವರಿಗೆ ಇದರಲ್ಲಿ ವಿಶೇಷ ಹೊಣೆಯಿದೆ ಎಂದು ನಾನು ನಂಬಿದ್ದೇನೆ. ಕನ್ನಡದ ಹಿರಿಯ ವಿದ್ವಾಂಸ ಬಿ.ಎಂ.ಶ್ರೀ ಹುಟ್ಟಿದ್ದು ತುರುವೇಕೆರೆ ತಾಲ್ಲೂಕಿನ ಸಂಪಿಗೆಯಲ್ಲಿ, ತೀ.ನಂ.ಶ್ರೀ ಚಿಕ್ಕನಾಯಕನಹಳ್ಳಿ ತಾಲ್ಲೂಕಿನ ತೀರ್ಥಪುರದಲ್ಲಿ. ಹಳಗನ್ನಡ ಪರೀಕ್ಷೆಯ ಅಂಕಕ್ಕೆ ಮಾತ್ರ ಎಂದು ಕೈಬಿಟ್ಟರೆ ನಷ್ಟ ನಮ್ಮದೇ. ಆಸಕ್ತಿಯಿರುವ ಇಬ್ಬರನ್ನು ಹುಡುಕಿಕೊಳ್ಳಿ, ವಾರಕ್ಕೆ ಒಂದು ಗಂಟೆ ಗೊತ್ತುಮಾಡಿ, ವಡ್ಡಾರಾಧನೆಯ ಮೊದಲ ಪುಟವನ್ನು ಗಟ್ಟಿಯಾಗಿ ಓದಿ. ಕನ್ನಡ ಬಲ್ಲವರಿಗೆ ಹಳಗನ್ನಡ ದಕ್ಕದ ವಿದ್ಯೆಯಲ್ಲ.