ಲಿಂಕ್ ಕಳಿಸುವ ಮೊದಲು ಕೂತು ಮಾತಾಡಿ

ಪ್ರಾಜೆಕ್ಟ್ ತಂಡಗಳ ಪಟ್ಟಿ ನೋಟಿಸ್ ಬೋರ್ಡಿಗೆ ಬಿದ್ದ ಸಂಜೆಯೇ ನಿಮ್ಮ ವಾಟ್ಸಾಪ್ ಗ್ರೂಪ್ ಹುಟ್ಟುತ್ತದೆ. ಆಮೇಲೆ ‘ರಿಪೋರ್ಟ್ ಫೈನಲ್’, ‘ಫೈನಲ್ 2’, ‘ನಿಜವಾದ ಫೈನಲ್’ ಎಂದು ವರ್ಡ್ ಫೈಲುಗಳು ಒಂದರ ಹಿಂದೊಂದು ಬಂದು ಬೀಳುತ್ತವೆ. ಸಲ್ಲಿಸುವ ಹಿಂದಿನ ರಾತ್ರಿ ಯಾವುದು ಸರಿಯಾದದ್ದು ಎಂದು ಯಾರಿಗೂ ತಿಳಿಯುವುದಿಲ್ಲ. ಗೂಗಲ್ ಡಾಕ್ಸ್ ಇದಕ್ಕೆ ಒಳ್ಳೆಯ ಮದ್ದು. ಎಲ್ಲರೂ ಒಂದೇ ಫೈಲಿನಲ್ಲಿ ಒಟ್ಟಿಗೇ ಬರೆಯಬಹುದು. ಆದರೆ ಅದು ಫೈಲುಗಳ ಗೊಂದಲ ಕಳೆಯುತ್ತದೆಯೇ ಹೊರತು ಕೆಲಸ ಹಂಚಿಕೊಡುವುದಿಲ್ಲ. ಅದು ನಿಮ್ಮ ಹೊಣೆ.

ಹಾಗಾಗಿ ಲಿಂಕ್ ಕಳಿಸುವ ಮೊದಲು ಕ್ಯಾಂಟೀನಿನಲ್ಲಿ ಅರ್ಧ ಗಂಟೆ ಕೂತು ಮಾತಾಡಿ. ಅಧ್ಯಾಯಗಳ ತಲೆಬರಹಗಳನ್ನು ಮೊದಲೇ ಬರೆದು, ಒಂದೊಂದರ ಮುಂದೆಯೂ ಒಬ್ಬರ ಹೆಸರು, ಒಂದು ತಾರೀಖು ಹಾಕಿ. ‘ಎಲ್ಲರೂ ಸೇರಿ ಮಾಡೋಣ’ ಎಂದು ಬಿಟ್ಟ ಅಧ್ಯಾಯ ಕೊನೆಗೆ ಒಬ್ಬರ ತಲೆಯ ಮೇಲೇ ಬೀಳುತ್ತದೆ.

ಲಿಂಕ್ ಸಿಕ್ಕವರೆಲ್ಲ ತಿದ್ದಬಹುದು ಎಂದು ಬಾಗಿಲು ತೆರೆದಿಡಬೇಡಿ. ಹಾಗೆ ಬಿಟ್ಟರೆ, ಲಾಗಿನ್ ಆಗದೆ ಬಂದವರು ಹೆಸರಿಲ್ಲದ ಪ್ರಾಣಿಗಳಾಗಿ ಕಾಣಿಸಿಕೊಳ್ಳುತ್ತಾರೆ. ಬರೆದವರು ಯಾರು, ಅಳಿಸಿದವರು ಯಾರು ಎಂದು ಗೊತ್ತಾಗುವುದಿಲ್ಲ. ತಂಡದವರ ಇಮೇಲ್ ವಿಳಾಸಗಳನ್ನಷ್ಟೇ ಸೇರಿಸಿ. ಗೈಡ್‌ಗೆ ಕಾಮೆಂಟ್ ಹಾಕುವ ಅನುಮತಿ ಸಾಕು.

ಇನ್ನೊಬ್ಬರ ವಾಕ್ಯವನ್ನು ಮಾತ್ರ ಸದ್ದಿಲ್ಲದೆ ಅಳಿಸಬೇಡಿ. ತಂಡದಲ್ಲಿ ಮನಸ್ತಾಪ ಶುರುವಾಗುವುದು ಹೆಚ್ಚಾಗಿ ಇಲ್ಲಿಂದಲೇ. ‘ಸಜೆಸ್ಟಿಂಗ್’ ಮೋಡ್‌ಗೆ ಹೋಗಿ ತಿದ್ದಿದರೆ ಹಳೆಯದೂ ಹೊಸದೂ ಎರಡೂ ಕಾಣುತ್ತವೆ. ಒಪ್ಪುವುದೋ ಬಿಡುವುದೋ, ಬರೆದವರು ನೋಡಿ ತೀರ್ಮಾನಿಸಲಿ. ಕಾಮೆಂಟಿನಲ್ಲಿ ‘ಇದು ಸರಿಯಿಲ್ಲ’ ಎಂದಷ್ಟೇ ಬರೆದರೆ ಉಪಯೋಗವಿಲ್ಲ. ‘ಈ ಅಂಕಿ ಎಲ್ಲಿಂದ ಬಂತು?’ ಎಂದು ಕೇಳಿದರೆ ಕೆಲಸ ಮುಂದೆ ಸಾಗುತ್ತದೆ.

ವರ್ಷನ್ ಹಿಸ್ಟರಿ ತೆರೆದರೆ ಯಾರು ಯಾವಾಗ ಏನು ಬರೆದರು ಎಂಬುದು ಬಣ್ಣಬಣ್ಣದಲ್ಲಿ ಕಾಣುತ್ತದೆ. ಏನಾದರೂ ಅಳಿಸಿಹೋದರೆ ಹಳೆಯ ರೂಪಕ್ಕೆ ಮರಳಬಹುದು. ಹಿಸ್ಟರಿ ಇರುವುದು ಮುಖ್ಯವಾಗಿ ಇದಕ್ಕೇ. ಅದನ್ನು ಹಿಡಿದು ಗೆಳೆಯರ ಮೇಲೆ ಪಂಚಾಯಿತಿ ನಡೆಸಬೇಡಿ. ಬಿಸಿಲಲ್ಲಿ ಮನೆಮನೆ ತಿರುಗಿ ಸರ್ವೆ ಮಾಡಿದವಳ ಬೆವರು, ಲ್ಯಾಬಿನಲ್ಲಿ ಸರ್ಕ್ಯೂಟ್ ಜೋಡಿಸಿದವನ ಸಂಜೆಗಳು ಅದರಲ್ಲಿ ದಾಖಲಾಗುವುದಿಲ್ಲ. ಎಲ್ಲರ ಬರಹವನ್ನೂ ತಂದು ಪೇಸ್ಟ್ ಮಾಡಿದವನೇ ಅಲ್ಲಿ ಮಹಾ ದುಡಿಮೆಗಾರನಾಗಿ ಕಾಣುತ್ತಾನೆ. ಯಾರಾದರೂ ಹಿಂದೆ ಬಿದ್ದಿದ್ದರೆ ಮೊದಲು ಫೋನ್ ಮಾಡಿ ಕೇಳಿ. ಊರಿನಲ್ಲಿ ನೆಟ್‌ವರ್ಕ್ ಸಿಗದಿರಬಹುದು. ಫೋನಿನ ಆ್ಯಪ್‌ನಲ್ಲಿ ಫೈಲನ್ನು ಆಫ್‌ಲೈನ್‌ಗೆ ಇಟ್ಟುಕೊಂಡರೆ ಸಿಗ್ನಲ್ ಇಲ್ಲದೆಯೂ ಬರೆಯಬಹುದು, ಸಿಕ್ಕಾಗ ತಾನೇ ಸೇರಿಕೊಳ್ಳುತ್ತದೆ ಎಂದು ಹೇಳಿಕೊಡಿ.

ಕನ್ನಡದಲ್ಲಿ ವರದಿ ಬರೆಯುವವರಿಗೆ ಇನ್ನೊಂದು ಮಾತು. ‘ನುಡಿ’, ‘ಬರಹ’ ತಂತ್ರಾಂಶಗಳ ಹಳೆಯ ಫಾಂಟುಗಳಲ್ಲಿ ಟೈಪ್ ಮಾಡಿದ್ದನ್ನು ತಂದು ಅಂಟಿಸಿದರೆ ಅಕ್ಷರಗಳು ಗೋಜಲಾಗುತ್ತವೆ. ಎಲ್ಲರೂ ಮೊದಲ ದಿನದಿಂದಲೇ ಯುನಿಕೋಡ್‌ನಲ್ಲಿ ಬರೆಯಿರಿ. ಟೈಪಿಂಗ್ ಬಾರದವರು ಕ್ರೋಮ್‌ನಲ್ಲಿ ವಾಯ್ಸ್ ಟೈಪಿಂಗ್ ತೆರೆದು ಕನ್ನಡದಲ್ಲೇ ಹೇಳಿ ಬರೆಸಬಹುದು. ಆಮೇಲೆ ತಿದ್ದಲು ಮರೆಯಬಾರದು, ಅಷ್ಟೆ.

ಫೈಲು ಯಾರ ಖಾತೆಯಲ್ಲಿದೆಯೋ ಅವರೇ ಅದರ ಮಾಲೀಕರು. ಅವರು ಅಳಿಸಿದರೆ 30 ದಿನ ಕಸದಬುಟ್ಟಿಯಲ್ಲಿದ್ದು, ಆಮೇಲೆ ಎಲ್ಲರ ಪಾಲಿಗೂ ಹೋಗಿಬಿಡುತ್ತದೆ. ಕೋರ್ಸ್ ಮುಗಿದ ಮೇಲೆ ಕಾಲೇಜಿನ ಖಾತೆಯೇ ಮುಚ್ಚಿಹೋಗಬಹುದು. ಆದ್ದರಿಂದ ಎಲ್ಲರೂ ಒಂದು ಪಿಡಿಎಫ್ ಪ್ರತಿಯನ್ನು ಇಳಿಸಿ ಇಟ್ಟುಕೊಳ್ಳಿ.

ಸಲ್ಲಿಸುವ ಮೊದಲು ಪ್ರತಿಯೊಬ್ಬರೂ ಇಡೀ ವರದಿಯನ್ನು ಮೊದಲಿಂದ ಕೊನೆಯವರೆಗೆ ಓದಿ, ಅರ್ಥವಾಗದ್ದನ್ನು ಬರೆದವರ ಬಳಿಯೇ ಕೇಳಿ ತಿಳಿದುಕೊಳ್ಳಿ. ವೈವಾದಲ್ಲಿ ‘ಅದು ನನ್ನ ಭಾಗ ಅಲ್ಲ ಸರ್’ ಎಂಬ ಉತ್ತರಕ್ಕೆ ಅಂಕವಿಲ್ಲ.