ಅಪರಿಚಿತ ಹೆಸರಿನ ಹಳೆಯ ಟ್ಯೂಬಾಗೆ ಬೆಲೆ ಕಟ್ಟುವ ಬಗೆ

ಹಿತ್ತಾಳೆಯ ಊದುವಾದ್ಯಗಳಲ್ಲಿ ಅತ್ಯಂತ ಮಂದ್ರ ಸ್ವರದ ಟ್ಯೂಬಾಗೆ 1835ರಲ್ಲಿ ಬರ್ಲಿನ್‌ನ ವಿಲ್‌ಹೆಲ್ಮ್ ವೀಪ್‌ರೆಕ್ಟ್ ಮತ್ತು ಯೋಹಾನ್ ಮೋರಿಟ್ಸ್ ಪೇಟೆಂಟ್ ಪಡೆದರು. ವೃತ್ತಿಪರರು ಬಳಸುವ ಹೊಸ ಟ್ಯೂಬಾದ ಬೆಲೆ ಇಂದು ಹತ್ತು ಸಾವಿರ ಡಾಲರ್‌ಗಳನ್ನು ಸುಲಭವಾಗಿ ದಾಟುವುದರಿಂದ, ಅಮೆರಿಕ ಮತ್ತು ಯುರೋಪಿನ ಊರ ಬ್ಯಾಂಡುಗಳ ಹವ್ಯಾಸಿ ವಾದಕರು ಸೆಕೆಂಡ್ ಹ್ಯಾಂಡ್ ಪೇಟೆಯತ್ತ ನೋಡುವುದು ಸಹಜ. ಅಲ್ಲಿ ಮಿರಾಫೋನ್‌ನಂಥ ಹೆಸರುವಾಸಿ ತಯಾರಕರ ವಾದ್ಯಗಳ ಪಕ್ಕದಲ್ಲೇ, ಹಿಂದಿನ ಪೂರ್ವ ಜರ್ಮನಿಯ ವೆಲ್ಟ್‌ಕ್ಲಾಂಗ್‌ನಂತಹ ಅಷ್ಟಾಗಿ ಕೇಳಿರದ ಹೆಸರಿನವೂ, ಮಾರಿದ ಅಂಗಡಿಯ ಹೆಸರನ್ನು ಮಾತ್ರ ಹೊತ್ತವೂ ಕಡಿಮೆ ಬೆಲೆಗೆ ಸಿಗುತ್ತವೆ. ಒಂದು ಕಾರ್ಖಾನೆ ತಯಾರಿಸಿ ಇನ್ನೊಬ್ಬ ವ್ಯಾಪಾರಿಯ ಹೆಸರು ಕೆತ್ತಿ ಕೊಡುವ ಇಂತಹ ವಾದ್ಯಕ್ಕೆ ಸ್ಟೆನ್ಸಿಲ್ ಎನ್ನುತ್ತಾರೆ. ವಾದ್ಯ ತಯಾರಿಕೆಗೆ ಹೆಸರಾದ ಮಾರ್ಕ್‌ನಾಯ್‌ಕಿರ್ಖೆನ್ ಅಥವಾ ಕ್ರಾಸ್ಲಿಟ್ಸೆ ಪಟ್ಟಣಗಳ ಉತ್ತಮ ಕೆಲಸವೂ ಇದೇ ವೇಷದಲ್ಲಿ ಇರಬಹುದು.

ಆದ್ದರಿಂದ ಬೆಲೆಯನ್ನು ಹೆಸರಿನಿಂದಲ್ಲ, ವಾಲ್ವ್‌ಗಳಿಂದ ಲೆಕ್ಕ ಹಾಕಬೇಕು. ವಾಲ್ವ್ ಎಂದರೆ ಬೆರಳಿನಿಂದ ಒತ್ತಿದಾಗ ಗಾಳಿಯನ್ನು ಹೆಚ್ಚುವರಿ ಕೊಳವೆಗೆ ತಿರುಗಿಸಿ ಸ್ವರವನ್ನು ತಗ್ಗಿಸುವ ಭಾಗ. ಅದು ಸವೆದು ಗಾಳಿ ಸೋರಿದರೆ ಮಂದ್ರ ಸ್ವರಗಳು ನಿಲ್ಲುವುದಿಲ್ಲ, ಮತ್ತು ಎಲ್ಲ ವಾಲ್ವ್‌ಗಳನ್ನೂ ಹೊಸದಾಗಿ ಕೂರಿಸುವ ಖರ್ಚು ಅಗ್ಗದ ವಾದ್ಯದ ಬೆಲೆಯನ್ನೇ ಮೀರಬಹುದು. ವಾಲ್ವ್ ಒತ್ತದೆ ಅದರ ಸ್ಲೈಡನ್ನು, ಅಂದರೆ ಎಳೆದು ಬಿಡಿಸಬಹುದಾದ ಕೊಳವೆಯನ್ನು, ಸ್ವಲ್ಪ ಹೊರಗೆಳೆದು, ಕೆಲವು ಸೆಕೆಂಡುಗಳ ನಂತರ ಒತ್ತಿದರೆ, ಬಿಗಿಯಾದ ವಾಲ್ವ್ 'ಟಪ್' ಎಂದು ಸದ್ದು ಮಾಡುತ್ತದೆ. ಸದ್ದು ಬಾರದಿದ್ದರೆ ವಾಲ್ವ್‌ನಲ್ಲೋ ಸ್ಲೈಡ್‌ನಲ್ಲೋ ಗಾಳಿ ಸೋರುತ್ತಿದೆ ಎಂದರ್ಥ. ದಪ್ಪ ಎಣ್ಣೆ ಹಾಕಿದ್ದರೆ ಸೋರಿಕೆ ಕೆಲಹೊತ್ತು ಮರೆಯಾಗುವುದರಿಂದ, ಅರ್ಧ ಗಂಟೆಯಾದರೂ ನುಡಿಸಿದ ಮೇಲೆ ಇದೇ ಪರೀಕ್ಷೆಯನ್ನು ಮತ್ತೊಮ್ಮೆ ಮಾಡುವುದು ಒಳ್ಳೆಯದು.

ನಾನು ಪರಿಶೀಲಿಸಿದ ಒಂದು ಸ್ಟೆನ್ಸಿಲ್ ಟ್ಯೂಬಾದ ಅಗಲವಾದ ಬಾಯಿ ಹಲವೆಡೆ ನೆಗ್ಗಿತ್ತು, ಮೆರುಗೆಣ್ಣೆ ಸುಲಿದು ಹಿತ್ತಾಳೆ ಕಪ್ಪಾಗಿತ್ತು. ಆದರೂ ನಾಲ್ಕು ವಾಲ್ವ್‌ಗಳೂ ಸ್ಪಷ್ಟವಾಗಿ ಸದ್ದು ಮಾಡಿದವು. ಬಾಯಿಯ ನೆಗ್ಗು ಕಣ್ಣಿಗೆ ಕೆಟ್ಟದಾಗಿ ಕಂಡರೂ ನಾದಕ್ಕೆ ಹೆಚ್ಚು ಧಕ್ಕೆ ತರುವುದಿಲ್ಲ. ಆದರೆ ತುಟಿಯ ಬಳಿಯ ಕಿರಿದಾದ ಕೊಳವೆಯ ಮೇಲೆ ಗುಲಾಬಿ-ಕೆಂಪು ಚುಕ್ಕೆಗಳಿದ್ದವು. ಉಸಿರಿನ ತೇವದಿಂದ ಹಿತ್ತಾಳೆಯೊಳಗಿನ ಸತು ಕರಗಿ ತಾಮ್ರ ಉಳಿಯುವ ಈ ರೋಗವು ಒಳಗಿನಿಂದ ಹೊರಕ್ಕೆ ಬರುವುದರಿಂದ, ಆ ಕೊಳವೆಯನ್ನು ಬದಲಿಸುವ ಖರ್ಚನ್ನು ಚೌಕಾಸಿಯಲ್ಲಿ ಕಳೆಯುವುದು ನ್ಯಾಯವೇ.

ಶ್ರುತಿಯ ಪರೀಕ್ಷೆಗೆ ಟ್ಯೂನರ್ ಸಾಧನವೇ ಆಧಾರ. 1960ರ ದಶಕದವರೆಗೆ ಬ್ರಿಟನ್ನಿನ ಬ್ರಾಸ್ ಬ್ಯಾಂಡುಗಳು ಈಗಿನ ಪ್ರಮಾಣಿತ ಶ್ರುತಿಯಾದ 440 ಹರ್ಟ್ಸ್‌ಗಿಂತ ಸುಮಾರು ಅರ್ಧ ಸೆಮಿಟೋನಿನಷ್ಟು, ಅಂದರೆ ಪಕ್ಕಪಕ್ಕದ ಎರಡು ಸ್ವರಗಳ ಅಂತರದ ಅರ್ಧದಷ್ಟು, ಎತ್ತರದ ಶ್ರುತಿಯಲ್ಲಿ ನುಡಿಸುತ್ತಿದ್ದುದರಿಂದ, ಆ ಕಾಲದ ಹಳೆಯ ಬ್ರಿಟಿಷ್ ವಾದ್ಯವನ್ನು ಇಂದಿನ ಬ್ಯಾಂಡಿನೊಡನೆ ಹೊಂದಿಸಲು ಕೊಳವೆಗಳನ್ನೇ ಉದ್ದ ಮಾಡಿಸಬೇಕಾಗುತ್ತದೆ. ಮೊದಲ ಮತ್ತು ಮೂರನೆಯ ವಾಲ್ವ್‌ಗಳನ್ನು ಒಟ್ಟಿಗೆ ಒತ್ತಿದಾಗ ಸ್ವರ ಏರುವ ದೋಷವನ್ನು ನೀಗಿಸುವ ನಾಲ್ಕನೆಯ ವಾಲ್ವ್ ಇಲ್ಲದ ವಾದ್ಯ ಅಗ್ಗವೆನಿಸಿದರೂ, ಮುಂದೆ ಮಾರುವುದು ಕಷ್ಟ.

ಮರುಮಾರಾಟದ ಈ ಪ್ರಶ್ನೆಯೇ ಅಪರಿಚಿತ ಹೆಸರಿನ ನಿಜವಾದ ಬೆಲೆ. ಅಗ್ಗಕ್ಕೆ ಕೊಂಡಷ್ಟೇ ಅಗ್ಗಕ್ಕೆ ಮಾರಬೇಕಾದೀತು, ಅದೂ ತಿಂಗಳುಗಟ್ಟಲೆ ಕಾದ ಮೇಲೆ. ಆದ್ದರಿಂದ ವಾಪಸು ಬಾರದಿದ್ದರೂ ತಡೆದುಕೊಳ್ಳಬಹುದಾದ ಮೊತ್ತವನ್ನಷ್ಟೇ ಇದರಲ್ಲಿ ಹೂಡಬೇಕು. ದುರಸ್ತಿಗಾರನ ಅಂದಾಜನ್ನು ಬೆಲೆಗೆ ಕೂಡಿಸಿ ನೋಡಬೇಕು. ಬಿಗಿಯಾದ ವಾಲ್ವ್‌ಗಳುಳ್ಳ ಅನಾಮಿಕ ಟ್ಯೂಬಾ, ಸವೆದ ವಾಲ್ವ್‌ಗಳ ಪ್ರಸಿದ್ಧ ಟ್ಯೂಬಾಕ್ಕಿಂತ ಹವ್ಯಾಸಿಗೆ ಲಾಭದಾಯಕ. ನುಡಿಸಿ ನೋಡಲು ಬಿಡದ ಮಾರಾಟಗಾರನಿಂದ ಮಾತ್ರ ಯಾವ ಬೆಲೆಗೂ ಕೊಳ್ಳಬಾರದು.