ಮಸಿ ತೇಯುತ್ತಾ ಕಲಿತದ್ದು

ಕ್ಯೋಟೋದಲ್ಲಿದ್ದ ಎರಡು ವರ್ಷ, ಪ್ರತಿ ಶನಿವಾರ ಬೆಳಿಗ್ಗೆ ಸುಮಿ-ಎ ಕಲಿಯಲು ಹೋಗುತ್ತಿದ್ದೆ. ಸುಮಿ-ಎ ಎಂದರೆ ಮಸಿಯ ಚಿತ್ರ. ಮೊದಲ ದಿನ ಸೆನ್ಸೇ ನನಗೆ ಕುಂಚವನ್ನೇ ಕೊಡಲಿಲ್ಲ. ಗುರುಗಳನ್ನು ಅಲ್ಲಿ ಸೆನ್ಸೇ ಎಂದೇ ಕರೆಯುವುದು. ಒಂದು ಕಪ್ಪು ಕಲ್ಲು, ಬೆರಳುದ್ದದ ಮಸಿಕಡ್ಡಿ, ಚಮಚದಷ್ಟು ನೀರು ಇಟ್ಟು ‘ತೇಯಿರಿ’ ಎಂದರು.

ಅಜ್ಜಿಯ ಪೂಜೆಗೆ ಸಾಣೆಕಲ್ಲಿನ ಮೇಲೆ ಗಂಧ ತೇದ ಕೈ ನನ್ನದು. ಇದೇನು ಮಹಾ ಎಂದು ಗರಗರ ತೇದೆ. ಅವರು ನನ್ನ ಮಣಿಕಟ್ಟು ಹಿಡಿದು ನಿಲ್ಲಿಸಿದರು. ಒತ್ತಬಾರದು, ಕಡ್ಡಿಯ ಭಾರವೇ ಸಾಕು. ಅವಸರದಲ್ಲಿ ತೇದ ಮಸಿ ತರಿತರಿಯಾಗುತ್ತದೆ. ‘ಒತ್ತಬೇಡ ಕಣೇ, ಗಂಧ ನುಣ್ಣಗೆ ಬರಲ್ಲ’ ಎನ್ನುತ್ತಿದ್ದ ಅಜ್ಜಿಯ ದನಿ ಅಷ್ಟು ದೂರದ ಊರಿನಲ್ಲಿ ಕಿವಿಗೆ ಬಿತ್ತು.

ಆ ಕಡ್ಡಿಯೂ ತಾಳ್ಮೆಯಿಂದಲೇ ಆದದ್ದು. ಎಣ್ಣೆ ದೀಪದ ಅಥವಾ ಪೈನ್ ಮರದ ಕಾಡಿಗೆಯನ್ನು ಪ್ರಾಣಿಗಳ ಚರ್ಮ, ಮೂಳೆಯಿಂದ ತೆಗೆದ ಅಂಟಿನಲ್ಲಿ ನಾದಿ, ಅಚ್ಚಿಗೆ ಹಾಕಿ, ತಿಂಗಳುಗಟ್ಟಲೆ ಒಣಗಿಸುತ್ತಾರೆ. ಜಪಾನಿನಲ್ಲಿ ಈ ಕಸುಬಿಗೆ ಹೆಸರಾದ ಊರು ನಾರಾ. ಕಲ್ಲಿನ ಮೇಲೆ ಕಡ್ಡಿಯನ್ನು ಹದವಾಗಿ ತೇಯಲು 15 ನಿಮಿಷ ಬೇಕು. ಮೊದಮೊದಲು ಆ ಹೊತ್ತು ದಂಡ ಅನ್ನಿಸುತ್ತಿತ್ತು. ಚಿತ್ರ ಶುರುವಾಗುವುದೇ ಅಲ್ಲಿಂದ ಎಂದು ಆಮೇಲೆ ತಿಳಿಯಿತು. ತೇಯುತ್ತಾ ತೇಯುತ್ತಾ ಉಸಿರು ನಿಧಾನವಾಗುತ್ತದೆ, ಭುಜ ಇಳಿಯುತ್ತದೆ.

ಬಳಿಕ ಬಿದಿರು. ಕುಂಚಕ್ಕೆ ತೆಳು ಮಸಿ ಹೀರಿಸಿ, ತುದಿಗೆ ಮಾತ್ರ ಗಾಢ ಮಸಿ ತಾಗಿಸಬೇಕು. ಕುಂಚವನ್ನು ಮಲಗಿಸಿ, ಬುಡದಿಂದ ಮೇಲಕ್ಕೆ ಒಂದೇ ಎಳೆತ. ಗಿಣ್ಣಿನ ಬಳಿ ಒಂದು ಕ್ಷಣ ತಡೆದು, ಎತ್ತಿ, ಮುಂದಿನ ಎಳೆತ. ಒಂದೇ ಗೆರೆಯಲ್ಲಿ ಒಂದು ಅಂಚು ಕಪ್ಪಾಗಿ, ಇನ್ನೊಂದು ತಿಳಿಯಾಗಿ, ಕಾಂಡಕ್ಕೆ ದುಂಡಗಿನ ಮೈ ಬರುತ್ತದೆ.

ನನ್ನ ಗಿಣ್ಣು ಸೊಟ್ಟಗಾಯಿತು. ಸರಿಮಾಡೋಣವೆಂದು ಮತ್ತೆ ಕುಂಚ ಆಡಿಸಿದೆ. ತೆಳು ಕಾಗದ ಮಸಿ ಕುಡಿದು, ನಾರೆದ್ದು, ಅಲ್ಲೊಂದು ಕರಿ ಮುದ್ದೆಯಾಯಿತು. ಸೆನ್ಸೇ ಬೈಯಲಿಲ್ಲ, ಹೊಸ ಹಾಳೆ ಹಾಸಿದರು. ಹಾಕಿದ ಗೆರೆಯನ್ನು ತಿದ್ದಲಾಗದು, ತಿದ್ದಿಕೊಳ್ಳಬೇಕಾದದ್ದು ಗೆರೆಗೆ ಮುಂಚಿನ ನನ್ನನ್ನು ಎಂಬ ಪಾಠ ಆ ಮುದ್ದೆಯಿಂದಲೇ ಆಯಿತು.

ಒಳಗಿನ ಪ್ರೇರಣೆಯಿಂದ ಬರೆಯುವುದೆಂದರೆ ಮನಸ್ಸಿಗೆ ಬಂದಂತೆ ಬರೆಯುವುದು ಎಂದುಕೊಂಡಿದ್ದೆ. ಎಂಟು ತಿಂಗಳು ಬರೀ ಬಿದಿರು ಬರೆದ ಮೇಲೆ ಒಂದು ಬೆಳಿಗ್ಗೆ ಸೆನ್ಸೇ ನನ್ನ ಹಾಳೆಯನ್ನು ಕಿಟಕಿಯ ಬೆಳಕಿಗೆ ಹಿಡಿದು ನೋಡಿದರು. ಕೈ ಅನುಮಾನಿಸಿದ ಕಡೆಯಲ್ಲೆಲ್ಲ ಮಸಿ ಹರಡಿ ಮಚ್ಚೆಯಾಗುತ್ತದೆ. ಅವತ್ತು ಒಂದೂ ಇರಲಿಲ್ಲ. ಗೆರೆ ಎಳೆಯುವಾಗ ನಾನು ಬಿದಿರನ್ನೂ ನೆನೆದಿರಲಿಲ್ಲ, ಸೆನ್ಸೇ ಏನೆನ್ನುವರೋ ಎಂದೂ ನೆನೆದಿರಲಿಲ್ಲ. ರೂಢಿ ರಕ್ತಕ್ಕಿಳಿದ ಮೇಲಷ್ಟೇ ಸಹಜತೆ ಕೈಗೆ ಬರುತ್ತದೆ. ಚೀನಾದಿಂದ ಜಪಾನಿಗೆ ಬಂದ ಈ ಕಲೆಯನ್ನು ಜೆನ್ ಸನ್ಯಾಸಿಗಳು ಯಾಕೆ ಅಷ್ಟು ಹಚ್ಚಿಕೊಂಡರೆಂದು ಆಗ ಅರ್ಥವಾಯಿತು.

ಹಾಳೆಯಲ್ಲಿ ಜಾಗ ಖಾಲಿ ಬಿಡುವುದನ್ನು ಕಲಿಸಿದ್ದು ಚಿತ್ರಕಾರ ಹಸೆಗಾವಾ ತೋಹಾಕು. 16ನೇ ಶತಮಾನದ ಕೊನೆಯಲ್ಲಿ ಅವನು ಬರೆದ ಪೈನ್ ಮರಗಳ ಜೋಡಿ ಮಡಿಕೆ-ಪರದೆಗಳು ಟೋಕಿಯೋ ರಾಷ್ಟ್ರೀಯ ವಸ್ತುಸಂಗ್ರಹಾಲಯದಲ್ಲಿವೆ. ಹತ್ತಿರ ಹೋದರೆ ಒರಟು, ಒಣ ಗೀರುಗಳು. ನಾಲ್ಕು ಹೆಜ್ಜೆ ಹಿಂದೆ ಸರಿದರೆ ಮಂಜಿನಲ್ಲಿ ನಿಂತ ಮರಗಳು. ಆ ಮಂಜನ್ನು ತೋಹಾಕು ಬರೆದೇ ಇಲ್ಲ. ಅದು ಬರೀ ಕಾಗದ. ಹಾಳೆ ತುಂಬಿಸುವ ನನ್ನ ಆತುರ ಅದರ ಮುಂದೆ ಕರಗಿತು.

ಈಗ ಊರಿಗೆ ಮರಳಿದ್ದೇನೆ. ಬೆಳಿಗ್ಗೆ ಮಸಿ ತೇಯಲು ಕೂರುತ್ತೇನೆ. ಕೆಲವು ದಿನ ಮನಸ್ಸು ಹದಕ್ಕೆ ಬರುವುದಿಲ್ಲ. ಆಗ ಹಾಳೆ ಮುಟ್ಟದೆ, ಮಸಿ ಒಣಗುವ ಮೊದಲೇ ಕಲ್ಲು ತೊಳೆದು ಬೋರಲು ಹಾಕುತ್ತೇನೆ. ಅವತ್ತಿನ ಅಭ್ಯಾಸ ಅಷ್ಟೇ, ಅದೂ ಅಭ್ಯಾಸವೇ.